ಸಂದು ದಾಟದ ಸುದ್ದಿ

ದೇವನೂರು
12-2-2025, ಬುಧವಾರ

ಮಗಳು ರಮ್ಯಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಹೇಗಿದ್ದೀಯವ್ವ? ರಾಯಚೂರಲ್ಲಿ ಬಿಸಿಲು ಆಗಲೇ ಶುರುವಾಗಿರಬೇಕು, ಸ್ಕೂಲಿಗೆ ಹೋಗುವಾಗ ಛತ್ರಿ ಮರೀಬೇಡ. ಫೋನಲ್ಲಿ ಹೇಳೋಣ ಅಂದ್ರೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರ್ತಾರೆ, ಅದಕ್ಕೇ ಈ ಕಾಗದ.

ಸೋಮವಾರ ಪೂಜೆಗೆ ಕೂತಿದ್ದಾಗ ಕೈ ನಡುಕ ಜಾಸ್ತಿಯಾಗಿ ಅವರ ಅಂಗೈಯಿಂದ ಲಿಂಗ ಜಾರಿ ನೆಲಕ್ಕೆ ಬಿತ್ತು. ನಲವತ್ತು ವರ್ಷ ಅಂಗಡಿಯಲ್ಲಿ ತಕ್ಕಡಿ ಹಿಡಿದ ಕೈ ಕಣೇ ಅದು! "ಶಿವ ನನ್ನ ಕೈಬಿಟ್ಟ, ಇನ್ನು ನನಗ್ಯಾಕೆ ಅನ್ನ" ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಎರಡು ದಿನ ತೊಟ್ಟು ನೀರು ಮುಟ್ಟಲಿಲ್ಲ. ನನಗೆ ಜೀವವೇ ಹೋದ ಹಾಗಾಯ್ತು.

ನಿನ್ನೆ ನಾನೊಬ್ಬಳೇ ಬಸ್ಸು ಹತ್ತಿ ನಂಜನಗೂಡಿಗೆ ಹೋಗಿ ನಿಮ್ಮಪ್ಪನ್ನ ನೋಡ್ತಿರೋ ಡಾಕ್ಟರ ಎದುರು, ಈ ನಡುಕ ಯಾಕೆ ನಿಲ್ಲಲ್ಲ ಅಂತ ಜಗಳಕ್ಕೇ ಕೂತೆ. ಪಾಪ, ಬಿಡಿಸಿ ಹೇಳಿದರು. ಮಿದುಳಲ್ಲಿ ಒಂದು ನರಕ್ಕೂ ಇನ್ನೊಂದಕ್ಕೂ ನಡುವೆ ಕಣ್ಣಿಗೆ ಕಾಣದ ಸಂದು ಇದೆಯಂತೆ. ಸುದ್ದಿ ಬಂದಾಗ ಈಚೆ ನರ ಸಂದಿಗೆ ಒಂದು ರಸ ಬಿಡುತ್ತೆ, ಅದು ಆಚೆ ನರದಲ್ಲಿ ತನ್ನ ಜಾಗಕ್ಕೆ ಹೋಗಿ ಕೂತರೆ ಸುದ್ದಿ ಮುಟ್ಟಿತು ಅಂತ. ಮಿಕ್ಕ ರಸಾನ ಎಷ್ಟೋ ಸಲ ಕೊಟ್ಟ ನರವೇ ವಾಪಸ್ ಹೀರಿಕೊಳ್ಳುತ್ತಂತೆ, ನನ್ನ ಹಾಗೇ ಜಿಪುಣ! ಹೆಸರೆಲ್ಲ ಚೀಟಿ ಹಿಂದೆ ಬರೆಸಿಕೊಂಡೆ. ಸೈನ್ಸ್ ಟೀಚರಮ್ಮ, ತಪ್ಪಿದ್ದರೆ ನಗಬೇಡ. ಗ್ಲುಟಮೇಟ್ ನಡಿ ಅನ್ನುತ್ತೆ, ಗಾಬಾ ಸಾಕು ನಿಲ್ಲು ಅನ್ನುತ್ತೆ. ನೆನಪಿಗೆ, ಮಾಂಸಖಂಡಕ್ಕೆ ಅಸಿಟೈಲ್‌ಕೋಲಿನ್. ನಿದ್ದೆಗೆ, ಮನಸ್ಸಿಗೆ ಸೆರೊಟೋನಿನ್. ಕೈಕಾಲಿನ ಹಿಡಿತಕ್ಕೆ ಡೋಪಮೈನ್, ನಿಮ್ಮಪ್ಪನಿಗೆ ಬತ್ತುತ್ತಿರೋದು ಅದೇ. ಅದನ್ನ ಮಾಡೋ ನರಗಳೇ ಸಾಯ್ತಿವೆ, ಸತ್ತಿದ್ದು ಮತ್ತೆ ಬರಲ್ಲ ಅಂದುಬಿಟ್ಟರು.

ಅವರು ಕೊಟ್ಟಿರೋ ಮಾತ್ರೆ ಮಿದುಳಿಗೆ ಹೋದ ಮೇಲೆ ಡೋಪಮೈನ್ ಆಗುತ್ತಂತೆ. ಬೆಳಿಗ್ಗೆ ಎದ್ದ ಕೂಡಲೇ ನೀರಲ್ಲಿ ತಗೋಬೇಕು. ಪೂಜೆಗೆ ಮುಂಚೆ ಉಗುಳೂ ನುಂಗದ ಮನುಷ್ಯ ತಗೋತಾರಾ? ಮಾತ್ರೆ ಇಲ್ಲದೆ ಕೈ ನಿಲ್ಲಲ್ಲ, ಕೈ ನಿಲ್ಲದೆ ಪೂಜೆ ಇಲ್ಲ, ಪೂಜೆ ಆಗದೆ ಮಾತ್ರೆ ಇಲ್ಲ. ಥೂ, ನನ್ನ ಹಣೆಬರಹ!

ಗಾಬರಿಯಾಗಬೇಡ. ಇವತ್ತು ಬೆಳಿಗ್ಗೆ ಪೂಜೆ ಮಾಡಿದರು, ಎರಡು ತುತ್ತು ಉಂಡರು. ಅಳಿಯಂದಿರಿಗೆ ಕೇಳಿದೆ ಅಂತ ಹೇಳು. ಶಿವ ನಿನ್ನನ್ನ ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ರುದ್ರಮ್ಮ

ಮರೆತ ಮಾತು: ಪಕ್ಕದ ಮನೆ ಮಾರಯ್ಯ ಅಂಚೆಗೆ ಹಾಕೋಕೆ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೀತೀನಿ. ಇವತ್ತು, ಡಾಕ್ಟರನ್ನ ಕೇಳಿಕೊಂಡೇ, ಮಾತ್ರೆ ಅರೆದು ನೀರಿಗೆ ಹಾಕಿ, ಮಠದಿಂದ ಬಂದ ಗುರುಗಳ ಪಾದೋದಕ, ಪೂಜೆಗೆ ಮುಂಚೆಯೇ ತಗೋಬೇಕಂತೆ ಅಂತ ಸುಳ್ಳು ಹೇಳಿ ಕುಡಿಸಿದೆ. ಕಹಿ ಯಾಕೆ ಅಂದ್ರು, ಬಿಲ್ವಪತ್ರೆ ನೆನೆಸಿದ್ರಂತೆ ಅಂದೆ. ಮುಕ್ಕಾಲು ಗಂಟೆಗೆ ಕೈ ನಡುಕ ನಿಂತಿತು. "ಗುರುಗಳು ನನ್ನ ಕೈ ಹಿಡಿದರು ಕಣೇ ರುದ್ರಿ" ಅಂತ ಅತ್ತರು. ನಾನೂ ಅತ್ತೆ, ಅವರು ಭಕ್ತಿ ಅಂದುಕೊಂಡರು. ನಾಳೆಯೂ ಹೇಳಬೇಕು, ಅವರು ಇರೋವರೆಗೂ ದಿನಾ ಹೇಳಬೇಕು. ನಾನೇ ಮೊದಲು ಹೋದರೆ ಈ ಸುಳ್ಳು ನೀನು ಹೇಳವ್ವ. ಓದಿ ಹರಿದುಹಾಕು.