ಬೋಳು ಕಾಯಿಯ ಸಾಕ್ಷಿ

ಜನವರಿ 8, ಬುಧವಾರ

ಇವತ್ತೂ ಬೆಳಿಗ್ಗೆ ಏಳಕ್ಕೇ ಸೈಟಿಗೆ ಬಂದು ಕೂತೆ. ಟಿನ್ ಫ್ಯಾಕ್ಟರಿ ಹತ್ತಿರ ಅಪ್ಪ ಬಿಟ್ಟುಹೋದ ಖಾಲಿ ಜಾಗ. ಮೆಟ್ರೋ ಬಂದ ಮೇಲೆ ತಮ್ಮ ಜಗನ್ ಅದಕ್ಕೆ ತಗಡಿನ ಬೇಲಿ ಹೊಡೆಸಿ ‘ಪೇ ಅಂಡ್ ಪಾರ್ಕ್’ ಎಂದು ಬೋರ್ಡು ಹಾಕಿದ. ಈಗ ಬೈಕಿನಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಮಹದೇವಪುರದ ಮನೆಯಲ್ಲಿ ಮಲಗಿ ರೀಲ್ಸ್ ನೋಡುತ್ತಿದ್ದಾನೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹಳೇ ಕೆಲಸ ಮುಗಿಯಿತು, ಹೊಸದು ಏಪ್ರಿಲ್‌ಗೆ, ಅಲ್ಲಿವರೆಗೆ ತವರಿನಲ್ಲಿ ರೆಸ್ಟ್ ಎಂದು ಬಂದ ನಾನು ಕೊಡೆಯ ಕೆಳಗೆ ಕೂತು ಕಾರುಗಳಿಗೆ ಚೀಟಿ ಹರಿಯುತ್ತಿದ್ದೇನೆ. ಭಾರಿ ರೆಸ್ಟ್!

ಮಧ್ಯಾಹ್ನ ಕೆಂಪರಾಜ್ ಫೋನ್. ಅಲ್ಲಿ ಇನ್ನೂ ಕಾಫಿ ಹೊತ್ತು. ಗಂಡನಿಗೆ ನನ್ನ ನೆನಪಾಯಿತಲ್ಲ ಎಂದು ಖುಷಿಪಡುವಷ್ಟರಲ್ಲಿ —

“ನಿನ್ ಹೆಸರಿಗೆ ಲೆಟರ್ ಬಂದಿದೆ. ಪಾರ್ಕಿಂಗ್ ದಂಡ. ಕ್ರಿಸ್‌ಮಸ್ ಕಾರ್ಡುಗಳ ಕೆಳಗೆ ಬಿದ್ದಿತ್ತು, ಈಗ ನೋಡ್ದೆ.”

ಫೋಟೋ ತೆಗೆದು ಕಳಿಸಿದರು. ಸರ್ಕಾರದ್ದಲ್ಲ, ಯಾವುದೋ ಪ್ರೈವೇಟ್ ಕಂಪನಿ. ನಮ್ಮ ಮನೆ ಹತ್ತಿರದ ಅಂಗಡಿ ಸಾಲಿನ ಪಾರ್ಕಿಂಗ್ ಅವರದಂತೆ. ಎರಡು ಗಂಟೆ ಪುಕ್ಕಟೆ, ಅದರ ಮೇಲೆ ನಿಂತರೆ ದಂಡ. ಡಿಸೆಂಬರ್ 14ರಂದು ನನ್ನ ಕಾರು ಬೆಳಿಗ್ಗೆ ಹತ್ತಕ್ಕೆ ಒಳಗೆ, ಮಧ್ಯಾಹ್ನ ಹನ್ನೆರಡೂವರೆಗೆ ಹೊರಗೆ. ಎರಡಕ್ಕೂ ಕ್ಯಾಮೆರಾದ ಫೋಟೋ.

“ನಾನು ಎಲ್ಲೂ ಎರಡೂವರೆ ಗಂಟೆ ಶಾಪಿಂಗ್ ಮಾಡಿಲ್ಲರೀ.”

“ಫೋಟೋ ಇದೆಯಲ್ಲ ಯಮುನಾ. ಬೇಗ ಕಟ್ಟಿದ್ರೆ ಅರ್ಧಕ್ಕರ್ಧ ಅಂತೆ. ಕಟ್ಬಿಡ್ತೀನಿ ಬಿಡು.”

“ಕಟ್ಟಿ ನೋಡಿ, ಆಮೇಲಿದೆ!”

ಫೋನ್ ಇಟ್ಟುಬಿಟ್ಟೆ. ಆದರೆ ಆ ದಿನ ಎಲ್ಲಿದ್ದೆ, ಏನು ಮಾಡಿದೆ? ಊರಿಗೆ ಹೊರಡುವ ಗಡಿಬಿಡಿಯ ತಿಂಗಳು. ಒಂದೂ ನೆನಪಿಲ್ಲ.

ಜನವರಿ 9

ಮತ್ತೆ ಜಗಳ. ಅವರ ಹೆದರಿಕೆ ನನಗೆ ಗೊತ್ತು. ಮಾರ್ಚ್ ಕೊನೆಗೆ ಬ್ಯಾಂಕಿನವರು ಮನೆ ಸಾಲ ಪಾಸ್ ಮಾಡಬೇಕು. ಈ ದಂಡ ಬೆಳೆದು ಕೋರ್ಟಿಗೆ ಹೋಗಿ, ಹೆಸರಿಗೆ ಮಸಿ ಅಂಟಿದರೆ ಸಾಲ ಕೈತಪ್ಪುತ್ತದೆ, ನೋಡಿಟ್ಟ ಮನೆಯೂ ಹೋಗುತ್ತದೆ. ಅದು ನಿಜ. ಆದರೆ ಕೊನೆಗೆ ಒಂದು ಮಾತು ಹೇಳಿದರು ನೋಡು —

“ನಾವು ಅವರ ಊರಲ್ಲಿರೋರು. ತಲೆ ತಗ್ಗಿಸ್ಕೊಂಡು ಹೋಗ್ಬೇಕು.”

ಮೈ ಉರಿದುಹೋಯಿತು. ಅಲ್ಲಿ ದುಡಿಯುತ್ತೇವೆ, ತೆರಿಗೆ ಕಟ್ಟುತ್ತೇವೆ, ಈಗ ಮನೆಯನ್ನೂ ತೆಗೆದುಕೊಳ್ಳುತ್ತೇವೆ. ಮಾಡದ ತಪ್ಪಿಗೆ ತಲೆ ತಗ್ಗಿಸಿ ಆ ಮನೆಯೊಳಗೆ ಕಾಲಿಡಬೇಕೆ? ಸ್ವಲ್ಪ ದಿನ ಸುಮ್ಮನಿರಿ ಎಂದು ಬೇಡಿಕೊಂಡೆ. ‘ಹ್ಞೂಂ’ ಎಂದರು. ಒಪ್ಪಿದ ‘ಹ್ಞೂಂ’ ಅಲ್ಲ ಅದು.

ಜನವರಿ 14, ಸಂಕ್ರಾಂತಿ

ಎಳ್ಳು ಬೀರಿ ಬಂದು ಅಮ್ಮ ನನ್ನ ಮುಖ ನೋಡಿದಳು. ಹಬ್ಬದ ದಿನ ಯಾಕೆ ಊದಿಸ್ಕೊಂಡಿದ್ದೀಯ ಎಂದಳು. ವಿಷಯ ಹೇಳಿದೆ.

“ಪೊಲೀಸ್ನೋರು ಆಕಿರೋ ದಂಡಾನಾ?”

“ಅಲ್ಲಮ್ಮ. ಪ್ರೈವೇಟ್ ಪಾರ್ಕಿಂಗ್‌ನೋರು.”

“ನಮ್ ತರಾನಾ?”

“ಹೂಂ. ನಮ್ ತರಾನೇ.”

“ಅಂಗಾದ್ರೆ ಜಗಳ ಆಡು. ನಮ್ಮತ್ರ ದಿನಾ ಆಡಲ್ವಾ ಜನ? ನಾವೇನು ಗಲ್ಲಿಗಾಕ್ತೀವಾ?”

ಒಳಗಿನಿಂದ ಜಗನ್ ಬಿದ್ದು ಬಿದ್ದು ನಗುತ್ತಿದ್ದ. ನನಗೂ ನಗು ಬಂತು. ಇಷ್ಟು ದಿನದಲ್ಲಿ ಮೊದಲ ಸಲ.

ಜನವರಿ 17, ಶುಕ್ರವಾರ, ರಾತ್ರಿ ಊಟಕ್ಕೆ ಮುಂಚೆ

ಬೇಗ ಬೇಗ ಬರೆಯಬೇಕು. ಅಷ್ಟು ಖುಷಿ.

ಮುದಸ್ಸಿರ್ ಎಂದು ಒಬ್ಬರು ದಿನಾ ನಮ್ಮಲ್ಲಿ ಕಾರು ನಿಲ್ಲಿಸಿ ಮೆಟ್ರೋ ಹಿಡಿಯುತ್ತಾರೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಲೇಸು, ಗುಂಡಿ, ಝರಿ ಮಾರುವ ಅಂಗಡಿ. ಸಂಜೆ ಬಂದಾಗ ಬೆಳಿಗ್ಗೆಯಿಂದ ಗಂಟೆ ಲೆಕ್ಕ ಹಾಕಿ ದುಡ್ಡು ಹೇಳಿದೆ. ಅವರು ನಿಂತಲ್ಲೇ ನಿಂತರು.

“ಮೇಡಂ, ಮಧ್ಯ ನಾನು ಗಾಡಿ ತಗೊಂಡು ಹೋಗಿದ್ದೆ.”

“ಇಲ್ಲ ಸಾರ್. ಬೆಳಿಗ್ಗೆ ಬಂದಿರೋ ಚೀಟಿ ಹಾಗೇ ಇದೆ ನೋಡಿ.”

“ಅರೆ, ಇವತ್ತು ಜುಮ್ಮಾ. ನಮ್ಮಪ್ಪನ್ನ ಮಸೀದಿಗೆ ಕರ್ಕೊಂಡು ಹೋಗ್ಬೇಕು, ಅವರಿಗೆ ನಡೆಯಕ್ಕಾಗಲ್ಲ. ಹನ್ನೆರಡಕ್ಕೆ ಹೋದೆ, ಎರಡೂವರೆಗೆ ವಾಪಸ್ ಬಂದೆ. ಗೇಟ್ ತೆಗೆದಿದ್ದೇ ನೀವು. ಬಾಯಲ್ಲಿ ಬಾಳೆಹಣ್ಣಿತ್ತು ನಿಮ್ದು.”

ಬಾಳೆಹಣ್ಣು ಎಂದ ಕೂಡಲೇ ನೆನಪಾಯಿತು. ಹೌದು, ನಾನೇ ತೆಗೆದದ್ದು. ಕಾರು ಹೊರಗೆ ಹೋಗುವಾಗ ಚೀಟಿ ಹರಿಯಬೇಕು, ಒಳಗೆ ಬಂದಾಗ ಹೊಸದು ಕೊಡಬೇಕು. ಒಂದು ಕೈಯಲ್ಲಿ ಹಣ್ಣು, ಇನ್ನೊಂದರಲ್ಲಿ ಗೇಟು. ಎರಡೂ ಮಾಡಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಉಳಿದದ್ದು ಬೆಳಿಗ್ಗೆ ಬಂದದ್ದು, ಸಂಜೆ ಹೊರಟದ್ದು ಮಾತ್ರ. ನಡುವೆ ಆ ಮನುಷ್ಯ ಅಪ್ಪನನ್ನು ಕರೆದುಕೊಂಡು ನಮಾಜು ಮುಗಿಸಿ ಬಂದದ್ದು ಎಲ್ಲೂ ಇಲ್ಲ.

ನಾಚಿಕೆಯಾಯಿತು. ತಪ್ಪಾಯ್ತು ಸಾರ್ ಎಂದೆ. ಅವರು ಹೋಗಲಿ ಬಿಡಿ ಎನ್ನುತ್ತಿದ್ದರು, ನನ್ನ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. ನಿಂತಲ್ಲೇ ಹೊಳೆದುಬಿಟ್ಟಿತ್ತು. ಲೆಸ್ಟರ್‌ನ ಕ್ಯಾಮೆರಾ ಕೂಡ ಇದನ್ನೇ ಮಾಡಿದೆ! ಮೊದಲನೇ ಸಲ ಒಳಗೆ ಹೋದದ್ದು, ಎರಡನೇ ಸಲ ಹೊರಗೆ ಬಂದದ್ದು, ಇವೆರಡನ್ನೇ ಹಿಡಿದು ಒಂದಕ್ಕೊಂದು ಗಂಟು ಹಾಕಿದೆ. ಆ ದಿನ ನಾನು ಎರಡು ಸಲ ಹೋಗಿರಬೇಕು.

ಅಂಥದ್ದೇನು ತರಲು ಎರಡು ಸಲ ಹೋದೆ?

ಜನವರಿ 18

ಬೋಳು ತೆಂಗಿನಕಾಯಿ!

ಮೊಬೈಲಿನಲ್ಲಿ ಡಿಸೆಂಬರ್ 14ರ ಫೋಟೋ ತೆಗೆದರೆ ತುಂಬ ಹಸಿರು ಬಳೆಗಳೇ. ಲೆಸ್ಟರ್‌ನ ಗೆಳತಿ ಪದ್ಮಶ್ರೀಯ ಸೀಮಂತ. ಧನುರ್ಮಾಸ ಹಿಡಿಯುವುದಕ್ಕೆ ಮುಂಚೆ ಮುಗಿಸಬೇಕೆಂದು ಅವಳ ಅತ್ತೆ ಬೈರಮ್ಮ ಹಟ ಹಿಡಿದು, ಹೊಸಕೋಟೆಯಿಂದ ಬಂದು ಕೂತಿದ್ದರು. ಹೂವು, ಹಣ್ಣು, ಕಾಯಿ ತರುವ ಕೆಲಸ ನನ್ನದು. ಆ ಅಂಗಡಿ ಸಾಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಕಾಯಿ ತೆಗೆದುಕೊಂಡು ಪದ್ಮಶ್ರೀ ಮನೆಗೆ ಹೋದೆ. ಸೂಪರ್ ಮಾರ್ಕೆಟ್ಟಿನವರು ಕಾಯಿಯ ಜುಟ್ಟನ್ನು ಬೋಳಿಸಿ ನುಣ್ಣಗೆ ಮಾಡಿ ಮಾರುತ್ತಾರೆ. ಕಲಶಕ್ಕೆ ಜುಟ್ಟಿಲ್ಲದ ಕಾಯಿ ಇಡುವುದುಂಟೆ? ಬೈರಮ್ಮ ಅದನ್ನು ನನ್ನ ಕೈಗೇ ವಾಪಸ್ ಕೊಟ್ಟು ಓಡಿಸಿದರು. ಅದೇ ಅಂಗಡಿ ಸಾಲಿನ ಕೊನೆಯಲ್ಲಿ ತಮಿಳಿನವರ ಅಂಗಡಿಯಿದೆ. ಅಲ್ಲಿ ಜುಟ್ಟಿನ ಕಾಯಿ ಸಿಕ್ಕಿತು. ಪಾರ್ಕಿಂಗ್ ಅದೇ. ಕ್ಯಾಮೆರಾ ಅದೇ.

ಇಷ್ಟು ದೊಡ್ಡ ವಿಷಯ ಮರೆತೆನಲ್ಲ! ಮರೆತದ್ದಲ್ಲ, ಮರೆಯಲು ಒದ್ದಾಡಿದ್ದು. ಇಪ್ಪತ್ತು ಹೆಂಗಸರ ಮುಂದೆ ಅಷ್ಟು ಬೈಸಿಕೊಂಡಿದ್ದೆ.

ಕೆಂಪರಾಜ್‌ಗೆ ಹೇಳಿದೆ.

“ಪ್ರೂಫ್ ಇದೆಯಾ?”

“ಎರಡು ಅಂಗಡಿ ಬಿಲ್ಲೂ ಇದೆ ಫೋನಲ್ಲಿ.”

“ಸರಿ, ಒಂದ್ಸಲ ಬರಿ. ಒಂದೇ ಸಲ.”

ಜನವರಿ 20

ಅಪೀಲು ಬರೆದು ಕಳಿಸಿದೆ. ಎರಡು ಬಿಲ್ಲು ಲಗತ್ತಿಸಿದೆ. ಪದ್ಮಶ್ರೀ ಹತ್ತಿರ ಆ ದಿನದ ವಿಡಿಯೋ ಇದೆಯಂತೆ, ಬೈಗುಳ ಪೂರ್ತಿ ರೆಕಾರ್ಡ್ ಆಗಿದೆಯಂತೆ. “ಕಳಿಸ್ಲೇನೆ?” ಎಂದು ನಗುತ್ತಾ ಕೇಳಿದಳು. ಬೇಡವೇ ಬೇಡ ಎಂದೆ. ಬಿಲ್ಲು ಸಾಕು. ನನಗೂ ಸ್ವಲ್ಪ ಮರ್ಯಾದೆ ಇದೆ.

ಫೆಬ್ರವರಿ 6

ತಿರಸ್ಕಾರ.

ಬಿಲ್ಲುಗಳಿಂದ ಏನೂ ಸಾಬೀತಾಗುವುದಿಲ್ಲವಂತೆ. ಕಾರನ್ನು ಅಲ್ಲೇ ಬಿಟ್ಟು ಒಂದಾದ ಮೇಲೊಂದು ಅಂಗಡಿ ಸುತ್ತಿರಬಹುದಂತೆ. ಈಗಲೂ ಕಟ್ಟಿದರೆ ಅರ್ಧ. ಇಲ್ಲವಾದರೆ ಕಂಪನಿಗೆ ಸೇರದ ಬೇರೆ ಅಪೀಲು ಮಂಡಳಿಗೆ ಹೋಗಬಹುದು. ಅಲ್ಲಿ ಸೋತರೆ ಪೂರ್ತಿ ದಂಡ, ರಿಯಾಯಿತಿ ಇಲ್ಲ.

ಕೆಂಪರಾಜ್ ಈ ಸಲ ಕೂಗಾಡಲಿಲ್ಲ. ಅದೇ ಕಷ್ಟವಾಯಿತು.

“ಒಂದ್ಸಲ ಅಂದಿದ್ದೆ ಯಮುನಾ. ಆಯ್ತಲ್ಲ. ಮನೆ ಕೈಬಿಟ್ಟು ಹೋದ್ರೆ ನೀನೂ ಅಳ್ತೀಯ.”

ಹೌದು, ಅಳುತ್ತೇನೆ. ಆ ಅಡುಗೆಮನೆಯ ಕಿಟಕಿಯನ್ನು ಕನಸಿನಲ್ಲೂ ನೋಡುತ್ತೇನೆ. ಮಧ್ಯಾಹ್ನವೆಲ್ಲ ಕೊಡೆಯ ಕೆಳಗೆ ಮಂಕು ಬಡಿದು ಕೂತಿದ್ದೆ. ಆಮೇಲೆ ಪದ್ಮಶ್ರೀಗೆ ಮೆಸೇಜ್ ಮಾಡಿದೆ. ವಿಡಿಯೋ ಕಳಿಸೇ.

ನೋಡಿದೆ. ಅಯ್ಯೋ ದೇವರೆ.

ಬೈರಮ್ಮ ಬೋಳು ಕಾಯಿಯನ್ನು ಎತ್ತಿ ಹಿಡಿದು ಇಡೀ ಮನೆಗೆ ತೋರಿಸುತ್ತಿದ್ದಾರೆ. “ನೋಡ್ರವ್ವಾ, ಕಲಸುಕ್ಕೆ ಬೋಳ್ ಕಾಯಿ ತಂದವ್ಳೆ! ಇಂಗ್ಲೆಂಡ್ಗೆ ಬಂದು ಇವ್ಳ ಬುದ್ದೀನೂ ಬೋಳಾಗೋಗೈತೆ!” ಎಲ್ಲರೂ ನಗುತ್ತಿದ್ದಾರೆ. ನಾನು ಮಾತ್ರ ಪೆಚ್ಚು ನಗೆ ನಗುತ್ತಾ ನಿಂತಿದ್ದೇನೆ. “ಓಗು, ಜುಟ್ಟಿರೋದು ತಗಂಡ್ ಬಾ ಓಗು” ಎಂದು ಬೆನ್ನಿಗೆ ಕೈಯಿಟ್ಟು ಬಾಗಿಲವರೆಗೆ ನೂಕುತ್ತಾರೆ. ವಿಡಿಯೋ ತೆಗೆಯುತ್ತಿದ್ದವಳು ಹಿಂದೆಯೇ ಬಾಗಿಲಿಗೆ ಬಂದಿದ್ದಾಳೆ. ಅಂಗಳದಲ್ಲಿ ನನ್ನ ಕಾರು. ನಂಬರ್ ಪ್ಲೇಟು ನಿಚ್ಚಳ. ನಾನು ಹತ್ತಿ ಹೊರಟದ್ದೂ ಇದೆ. ವಿಡಿಯೋದ ಸಮಯ ಹನ್ನೊಂದು ಮುಕ್ಕಾಲು. ಕಂಪನಿಯ ಪ್ರಕಾರ ಆ ಹೊತ್ತಿಗೆ ಕಾರು ಅವರ ಪಾರ್ಕಿಂಗಿನಲ್ಲಿ ಗೂಟ ಹೊಡೆದು ನಿಂತಿತ್ತು!

ಮರ್ಯಾದೆ ಹಾಳಾಗಿ ಹೋಗಲಿ. ಇದನ್ನೇ ಕಳಿಸುತ್ತೇನೆ.

ಫೆಬ್ರವರಿ 8, ಶನಿವಾರ

ಬೈಗುಳವನ್ನು ಇಂಗ್ಲಿಷಿಗೆ ಇಳಿಸುವುದು ಹುಡುಗಾಟವಲ್ಲ. ಜಗನ್ ಹಾಸಿಗೆಯ ಮೇಲೆ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು.

“ಅಕ್ಕ, ಬುದ್ಧಿ ಬೋಳಾಗಿದೆ ಅನ್ನೋದನ್ನ ಬಿಟ್ಬಿಡೋಣ್ವಾ?”

“ಏನೂ ಬಿಡ್ಬೇಡ. ಬಿಟ್ರೆ ಇವರೇ ಆಟ ಕಟ್ಟಿದ್ದಾರೆ ಅಂತಾರೆ.”

ಕಲಶ ಎಂದರೇನು, ಕಾಯಿಗೆ ಜುಟ್ಟು ಯಾಕಿರಬೇಕು, ಇಲ್ಲದಿದ್ದರೆ ಅತ್ತೆಯರು ಯಾಕೆ ಕೆರಳುತ್ತಾರೆ, ಎಲ್ಲ ಬರೆದೆ. ಎರಡೂ ಕಾಯಿಗಳ ಫೋಟೋ ಅಕ್ಕಪಕ್ಕ ಇಟ್ಟೆ. ಪದ್ಮಶ್ರೀ ಅತ್ತೆಯ ಒಪ್ಪಿಗೆ ಕೇಳಿದಳು. ಬೈರಮ್ಮನ ಪ್ರಶ್ನೆ ಒಂದೇ, “ನನ್ ಸೀರೆ ನೆಟ್ಟಗೆ ಕಾಣ್ತೈತಾ?” ಕಾಣುತ್ತದೆ ಎಂದಿದ್ದಕ್ಕೆ ಅಪ್ಪಣೆಯಾಯಿತು.

ಕೆಂಪರಾಜ್‌ಗೆ ಹೇಳಿಯೇ ಕಳಿಸಿದೆ. ಕದ್ದು ಮಾಡುವುದಿಲ್ಲ ಎಂದೆ. “ನಿನ್ನಿಷ್ಟ” ಎಂದರು. ಭಯವಾಗುತ್ತಿದೆ.

ಫೆಬ್ರವರಿ 25

ಏನೂ ಇಲ್ಲ. ಬ್ಯಾಂಕಿನವರು ಕೆಂಪರಾಜ್ ಹತ್ತಿರ ಮತ್ತೆರಡು ಕಾಗದ ಕೇಳಿದ್ದಾರೆ. ದಂಡದ ಸುದ್ದಿ ಇಬ್ಬರೂ ಎತ್ತುವುದಿಲ್ಲ. ಊಟ ಆಯ್ತಾ, ಆಯ್ತು, ನಿಂದು… ಅಷ್ಟೇ. ಜಗನ್ ಪ್ಲಾಸ್ಟರ್ ತೆಗೆದರು. ಕುಂಟುತ್ತಾ ಬಂದು ಗೇಟಿನಲ್ಲಿ ಅರ್ಧ ದಿನ ಕೂರುತ್ತಾನೆ.

ಮಾರ್ಚ್ 13, ಗುರುವಾರ

ಗೆದ್ದೆ! ಗೆದ್ದೆ! ಗೆದ್ದೆ!

ಈಮೇಲ್ ಬಂದಾಗ ಅಮ್ಮ ಮುದ್ದೆ ತಿರುವುತ್ತಿದ್ದಳು. ಜೋರಾಗಿ ಓದಿ, ಕನ್ನಡದಲ್ಲಿ ಹೇಳಿದೆ. ಆ ಹೊತ್ತಿನಲ್ಲಿ ವಾಹನ ಬೇರೆಡೆ ಇದ್ದದ್ದು ವಿಡಿಯೋದಿಂದ ಸ್ಪಷ್ಟ. ಚಾಲಕಿ ಸೂಕ್ತ ತೆಂಗಿನಕಾಯಿ ತರಲು ಎರಡನೇ ಸಲ ಹೋದರೆಂಬುದನ್ನು ನಂಬಲು ಕಾರಣವಿದೆ. ಕಂಪನಿ ಎರಡು ಭೇಟಿಗಳನ್ನು ಒಂದೆಂದು ಎಣಿಸಿದೆ. ದಂಡ ರದ್ದು.

ಸೂಕ್ತ ತೆಂಗಿನಕಾಯಿ! ಇಂಗ್ಲೆಂಡಿನ ಒಬ್ಬ ಅಧಿಕಾರಿ ಅದನ್ನು ಬರವಣಿಗೆಯಲ್ಲಿ ಒಪ್ಪಿದ್ದಾನೆ. ಅಮ್ಮ ಮುದ್ದೆ ಕೋಲು ಕೈಯಲ್ಲಿ ಹಿಡಿದೇ, “ನಾನೇಳ್ಳಿಲ್ವಾ, ಜಗಳ ಆಡು ಅಂತ!” ಎಂದಳು. ಜಗನ್ ಕುಂಟುಕಾಲಿನಲ್ಲೇ ಒಂದು ಸ್ಟೆಪ್ ಹಾಕಿದ.

ಕೆಂಪರಾಜ್‌ಗೆ ಫೋನ್ ಮಾಡಿ ಓದಿ ಹೇಳಿದೆ. ಮತ್ತೊಂದು ಸಲ ಓದು ಎಂದರು. ಓದಿದೆ.

“ಬ್ಯಾಂಕಿಗೂ ಇನ್ನೇನು ತೊಂದ್ರೆ ಇಲ್ಲ, ಅಲ್ವಾ?”

“ಏನೂ ಇಲ್ಲರೀ. ಹೆಸರು ಚೊಕ್ಕ.”

“ನಾನಾಗಿದ್ರೆ ಅವತ್ತೇ ಕಟ್ಬಿಟ್ಟಿರ್ತಿದ್ದೆ,” ಎಂದರು. ನಾನು ಚುಚ್ಚಲಿಲ್ಲ. ಚುಚ್ಚುವ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು, ನುಂಗಿಕೊಂಡೆ.

ಮಾರ್ಚ್ 17, ಸೋಮವಾರ, ಸಂಜೆ

ಶನಿವಾರ ಫ್ಲೈಟು. ಜಗನ್ ಕಾಲು ತೋರಿಸಲು ಆಸ್ಪತ್ರೆಗೆ ಹೋಗಿದ್ದಾನೆ, ಗೇಟು ನನ್ನದೇ. ಈಗಷ್ಟೇ ಕೆಂಪರಾಜ್ ಫೋನ್ ಮಾಡಿದ್ದರು. ಅಲ್ಲಿ ಡ್ಯೂಟಿ ಹೊತ್ತು. ಆ ಹೊತ್ತಿನಲ್ಲಿ ಫೋನ್ ಮುಟ್ಟುವವರೇ ಅಲ್ಲ. ಏನಾಯಿತೋ ಎಂದು ತಕ್ಷಣ ಎತ್ತಿದೆ.

“ಯಮುನಾ, ಮ್ಯಾನೇಜರ್ ಹತ್ರ ಮಾತಾಡ್ದೆ.”

“ಯಾಕ್ರೀ? ಏನಾಯ್ತು?”

“ಯುಗಾದಿ ದಿನ ಬರಕ್ಕಾಗಲ್ಲ ಅಂದೆ. ಪ್ರತಿ ಹಬ್ಬಕ್ಕೂ ಶಿಫ್ಟ್ ನನಗೇ ಹಾಕ್ತಾನಲ್ಲ. ಈ ಸಲ ಬೇರೆಯವರನ್ನ ನೋಡ್ಕೊಳ್ಳಿ, ನಮ್ಮನೇಲಿ ಹಬ್ಬ ಅಂದೆ. ತಲೆ ಎತ್ತಿ, ಮುಖ ನೋಡಿನೇ ಅಂದೆ.”

“ಏನಂದ ಅವನು?”

“ಓಕೆ ಅಂದ.”

“ಅಷ್ಟೇನಾ?”

“ಅಷ್ಟೇ ಕಣೆ. ಓಕೆ ಅಂದ. ಇಷ್ಟು ವರ್ಷ ನಾನೇ ಕೇಳಿರ್ಲಿಲ್ಲ.”

ನಗುತ್ತಿದ್ದರು. ನನಗೆ ಅಳು ಬಂದುಬಿಟ್ಟಿತು. ದಂಡ ರದ್ದಾದ ಗುರುವಾರವೂ ಇಷ್ಟು ಖುಷಿಯಾಗಿರಲಿಲ್ಲ. ಹಬ್ಬಕ್ಕೆ ಏನು ಮಾಡಲಿ ಎಂದು ಕೇಳಿದೆ. ಒಬ್ಬಟ್ಟು ಎಂದರು, ತಡಮಾಡದೆ. ಹಾಗಾದರೆ ಬೇಳೆ, ಬೆಲ್ಲ ಇಲ್ಲಿಂದಲೇ ಒಯ್ಯಬೇಕು, ಸೂಟ್‌ಕೇಸಿನಲ್ಲಿ ಜಾಗ ಮಾಡಬೇಕು, ಬೇವಿನ ಹೂವು ಒಯ್ಯಲು ಬಿಡುತ್ತಾರೋ ಇಲ್ಲವೋ, ಅಮ್ಮನನ್ನು ಕೇಳಿ ಒಣಗಿಸಿ —

ಗೇಟಿನಲ್ಲಿ ಹಾರ್ನ್. ಬಂದೆ, ಬಂದೆ…