ಉಜ್ಜಬಾರದ ಗೋಡೆ

ಲೂಝೌ, ಮಂಗಳವಾರ

ಅಣ್ಣಾ,

ಶಾನ್ಷಿಯ ಸಮಸ್ತ ಬಂಧುಬಾಂಧವರಿಗೆ ಈ ಮೂಲಕ ಸಾರುವುದೇನೆಂದರೆ, ನಿನ್ನ ತಮ್ಮನ ಕೈಯಿಂದ ಬ್ರಷ್ಷನ್ನು ಅಧಿಕೃತವಾಗಿ ಕಿತ್ತುಕೊಳ್ಳಲಾಗಿದೆ! ನಮ್ಮೂರಲ್ಲಿ ಸಾರಾಯಿಯ ಜಾಡಿಗೆ ಚೂರು ಮಣ್ಣು ತಾಗಿದರೂ ಅಪ್ಪ ಬೆನ್ನಿಗೆ ಬಾರಿಸುತ್ತಿದ್ದರಲ್ಲ? ಇಲ್ಲಿನ ಸಾರಾಯಿ ಭಟ್ಟಿಗೆ ಬಂದು ಎರಡು ವರ್ಷವಾದರೂ ನನ್ನ ಕೈ ಅದನ್ನು ಮರೆತಿಲ್ಲ. ಸಾರಾಯಿಗೆ ಜೋಳ ಹುಳಿ ಬರಿಸುವ ಹಳೇ ಗುಂಡಿ ಖಾಲಿಯಾಗಿತ್ತು. ಅದರ ಕೆಸರುಗೋಡೆಯನ್ನು ಒಂದು ಮೊಳದಷ್ಟು ಥಳಥಳ ಉಜ್ಜಿಬಿಟ್ಟೆ.

ಕೋವ್ ಮೇಸ್ತ್ರಿ ಇಣುಕಿ ನೋಡಿ ಎದೆ ಹಿಡಿದುಕೊಂಡರು. "ಅಯ್ಯೋ ಪಾಪಿ, ಮುತ್ತಜ್ಜನ ಕಾಲದ ಹೆಪ್ಪು ಕಣೋ ಅದು! ಆ ಕೆಸರಲ್ಲಿರೋ ಸೂಕ್ಷ್ಮಜೀವಿಗಳಿಲ್ದೆ ಸಾರಾಯಿಗೆ ಘಮ ಎಲ್ಲಿಂದ ಬರ್ತದೆ, ನಿನ್ನ ಬ್ರಷ್ಷಿಂದಲಾ?"

"ಎದುರು ಗೋಡೆಯಿಂದ ಒಂದು ಹಿಡಿ ಕೆರೆದು ಹಚ್ಚಲಾ, ಮೇಸ್ತ್ರಿ?"

"ಮೂಗು ಕೊಯ್ದು ಕಿವಿಗೆ ಅಂಟಿಸ್ತೀಯಾ?" ಅಂದವರು ನನ್ನ ಕಾಲು ನೋಡಿ ತಟ್ಟನೆ ನಿಂತರು. "ಹೊಸವರ್ಷಕ್ಕೆ ಊರಿಗೆ ಹಾಕ್ಕೊಂಡು ಹೋದ್ಯಲ್ಲ, ಆ ಕೆಸರುಬೂಟು ಎಲ್ಲೋ? ಅದಕ್ಕೆ ಮೆತ್ತಿರೋದು ಈ ಗುಂಡಿ ಮಣ್ಣೇ. ಒಣಗಿದ್ರೂ ಒಳಗಿನ ಜೀವಗಳು ಸಾಯಲ್ಲ, ನಿದ್ದೆ ಹೊಡೀತಿರ್ತವೆ."

ಆ ಮಣ್ಣು ಬಂದರೆ ನಾನು ಗುಂಡಿಯಲ್ಲೇ ಉಳಿಯುತ್ತೇನೆ, ಬಾರದಿದ್ದರೆ ಶೀಶೆ ತೊಳೆಯಲು ಹೋಗಬೇಕಂತೆ. ನನ್ನ ಪ್ರತಿಭೆಗೆ ಅದೇ ಸರಿಯಾದ ಜಾಗ ಎಂದು ಎಲ್ಲರೂ ನಗುತ್ತಿದ್ದಾರೆ.

ಮಂಡಿನೋವು ವಾಸಿಯಾಗಿದೆ. ಮೇಸ್ತ್ರಿಯ ಹೆಂಡತಿ ಬೈಯುತ್ತಲೇ ಎರಡು ಬಟ್ಟಲು ಖಾರದ ನೂಡಲ್ಸ್ ಬಡಿಸಿದರು. ಕಾರ್ಡಿನಲ್ಲಿ ಜಾಗ ಮುಗಿಯಿತು.

ತಮ್ಮ ಶೌಯಿ

ಬೂಟು ಹಿತ್ತಲ ಬಾಗಿಲ ಹಿಂದಿದೆ. ಹಾಗೇ ಗಂಟುಕಟ್ಟಿ ಇವತ್ತೇ ಕಳಿಸು. ಅತ್ತಿಗೆಯ ಕಣ್ಣಿಗೆ ಮಾತ್ರ ಬೀಳಿಸಬೇಡ, ತೊಳೆದುಬಿಟ್ಟಾರು.