ಭೈರವನ ಮೈಕಟ್ಟು

ಜಯನಗರ, ನಾಲ್ಕನೇ ಟಿ ಬ್ಲಾಕ್
17 ನವೆಂಬರ್ 2024, ಭಾನುವಾರ ಮಧ್ಯಾಹ್ನ. ಅಮ್ಮ ಮಲಗಿದ್ದಾಳೆ.

ಪ್ರೀತಿಯ ವಸಿಷ್ಠ,

ನೀನು ಬೀದರ್‌ಗೆ ಹೋಗಿ ಇಪ್ಪತ್ತೆರಡು ತಿಂಗಳಾಯಿತು. ಈಗ ಬರೆಯುತ್ತಿದ್ದೇನೆ, ಕ್ಷಮಿಸು. ಫೋನ್ ಮಾಡಿದರೆ “ಊಟ ಆಯ್ತು ಅಕ್ಕ, ಬ್ಯಾಂಕಲ್ಲಿದೀನಿ” ಎಂದು ಇಟ್ಟುಬಿಡುತ್ತೀಯ. ಅಷ್ಟರಲ್ಲಿ ಏನು ಹೇಳಲಿ?

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಸವಾರಿ ಬೂಟುಗಳನ್ನು ತಿಂಗಳಿಗೊಮ್ಮೆ ಬಿಸಿಲಿಗಿಡುತ್ತಾಳೆ. “ಬೂಷ್ಟು ಹಿಡಿಯತ್ತೆ ಕಣೇ” ಎನ್ನುತ್ತಾಳೆ, ನಿನ್ನ ಹೆಸರೆತ್ತುವುದಿಲ್ಲ.

ನಿನ್ನೆ ಗುಬ್ಬಿ ಎಂಬತ್ತು ಕಿಲೋಮೀಟರ್ ಓಟ ಮುಗಿಸಿತು. ನೀನು ಅದನ್ನು ನೋಡಿಲ್ಲ. ಕೋಣನಕುಂಟೆಯಾಚೆಯ ನಮ್ಮ ಲಾಯಕ್ಕೆ ಹೋದ ವರ್ಷ ಬಂದ ಹೆಣ್ಣು ಕುದುರೆ. ಎತ್ತರ ನಾಲ್ಕೂಮುಕ್ಕಾಲು ಅಡಿ, ಕಿರಿದಾದ ಎದೆ, ಚಪ್ಪಟೆ ತೊಡೆ. ಮೊದಲ ದಿನ ಲಾಯ ನೋಡಿಕೊಳ್ಳುವ ಕೆಂಪರಾಜು ತಲೆ ಚಚ್ಚಿಕೊಂಡ. “ಡಾಕ್ಟ್ರಮ್ಮ, ಇದು ಕುದುರೇನಾ ಮೇಕೇನಾ? ಪಕ್ಕೆ ಎಣಿಸ್ಬೋದು. ಹೊಟ್ಟೆಗೆ ಹಾಕಲ್ವೇನಯ್ಯಾ ಅಂತ ಜನ ನನ್ನ ಬೈತಾರೆ.”

ಆದರೆ ದೂರದ ಓಟಕ್ಕೆ ಬೇಕಾದದ್ದು ಅದೇ ಮೈ. ತೆಳುವಾದ ದೇಹದಿಂದ ಬಿಸಿ ಬೇಗ ಹೊರಹೋಗುತ್ತದೆ. ನಿಲ್ಲಿಸಿ ಇಪ್ಪತ್ತು ನಿಮಿಷದೊಳಗೆ ನಾಡಿ ಅರವತ್ತನಾಲ್ಕಕ್ಕೆ ಇಳಿಯಬೇಕು. ಗುಬ್ಬಿಯದು ಆರು ನಿಮಿಷಕ್ಕೇ ಇಳಿಯಿತು. “ಮೇಕೆ ಎಲ್ರಿಗೂ ಮಣ್ಣು ಮುಕ್ಕಿಸ್ತು! ವಸಿಷ್ಠಣ್ಣ ಇದ್ದಿದ್ರೆ ಕುಣಿದ್ಬಿಡೋರು” ಎಂದ ಕೆಂಪರಾಜು. ಮರುಕ್ಷಣ ನಾಲಿಗೆ ಕಚ್ಚಿಕೊಂಡು ನೀರಿನ ಬಕೆಟ್ ಎತ್ತಿಕೊಂಡು ಹೋದ.

ಸವಾರಿ ಮಾಡಿದ್ದು ಇಂಚರ, ಇನ್ನೂ ಕಾಲೇಜು ಓದುವ ಹುಡುಗಿ. ಚೆನ್ನಾಗಿಯೇ ಓಡಿಸಿದಳು. ಆದರೆ ಇಳಿದ ಕೂಡಲೇ ಕಡಿವಾಣ ಬೇರೆಯವರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಳ್ಳಲು ಹೋದಳು. ನೀನಾಗಿದ್ದರೆ ಕುತ್ತಿಗೆಗೆ ಹಣೆ ಒತ್ತಿ ಒಂದು ನಿಮಿಷ ನಿಲ್ಲುತ್ತಿದ್ದೆ. ಆ ಒಂದು ನಿಮಿಷಕ್ಕಾಗಿ ನಾನು ಸುಮ್ಮನೆ ಕಾಯುತ್ತಾ ನಿಂತಿದ್ದೆ.

ಮೈ ಜೋಪಾನ. ಅಲ್ಲಿ ಚಳಿ ಶುರುವಾಗಿರಬೇಕು. ದೇವರು ನಿನಗೆ ನಿದ್ದೆ ಕೊಡಲಿ.

ನಿನ್ನ ಅಕ್ಕ,
ವಿಭಾ

ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು: ನಿನ್ನ ಕುದುರೆ ಭೈರವ ಸತ್ತ ಸಂಜೆ ನೀನು “ನಾನೇ ಓಡಿಸಿ ಕೊಂದೆ ಅಕ್ಕ” ಎಂದೆ. ನಾನು ನಿನ್ನ ಬೆನ್ನ ಮೇಲೆ ಕೈಯಿಟ್ಟೆ, ಅಲ್ಲ ಎನ್ನಲಿಲ್ಲ. ನೀನು ನಾನು ಹೇಳಿದ ವೇಗಕ್ಕಿಂತ ಒಂದಿಷ್ಟೂ ಹೆಚ್ಚು ಓಡಿಸಿರಲಿಲ್ಲ. ತಪ್ಪು ಅದರ ಮೈಕಟ್ಟಿನದು: ಐದೂವರೆ ಅಡಿ ಎತ್ತರ, ಅಗಲ ಎದೆ, ದಪ್ಪ ಮಾಂಸಖಂಡ. ಒಳಗಿನ ಬಿಸಿ ಹೊರಗೆ ಬರಲು ದಾರಿಯೇ ಇರಲಿಲ್ಲ. ಕೊಳ್ಳುವ ಮೊದಲು “ಹೇಗಿದೆ ಅಕ್ಕ?” ಎಂದು ಕೇಳಿದೆಯಲ್ಲ, ಅಷ್ಟು ಹೊತ್ತಿಗೆ ಪಶುವೈದ್ಯೆಯಾದ ನಾನು ಅದರ ಅಳತೆ ತೆಗೆದಾಗಿತ್ತು. ದೂರಕ್ಕೆ ಆಗದು ಎಂದು ಗೊತ್ತಿತ್ತು. ಅಪ್ಪ ಹೋದ ಮೇಲೆ ನೀನು ನಕ್ಕಿದ್ದು ಅವತ್ತೇ ಮೊದಲು. ನಾನು “ಚೆನ್ನಾಗಿದೆ” ಎಂದುಬಿಟ್ಟೆ.

ಇದನ್ನು ಬರೀ ಕಾಗದದಲ್ಲಿ ಹೇಳಿ ಕೈತೊಳೆದುಕೊಳ್ಳಬಾರದು. ಶುಕ್ರವಾರ ರಾತ್ರಿ ಹೊರಟು ಬೀದರ್‌ಗೆ ಬಂದು, ನಿನ್ನ ಎದುರು ನಿಂತು ಹೇಳುತ್ತೇನೆ. ನೀನು ಬಾಗಿಲು ತೆಗೆಯದಿದ್ದರೂ ಹೇಳುತ್ತೇನೆ. ಟಿಕೆಟ್ ಇನ್ನೂ ಮಾಡಿಸಿಲ್ಲ.